ಅಳಿಸೋರು ಯಾರು?

ಎರಡು ವರ್ಷ ಆಯ್ತು, ಆದ್ರೂ ಗಾಂಧಿ ಸರ್ಕಲ್ ಹತ್ರ ಬಂದ್ರೆ ನನ್ನ ಕೈ ತಂತಾನೇ ಬ್ರೇಕ್ ಮೇಲೆ ಹೋಗುತ್ತೆ. 2023ರ ಆಗಸ್ಟ್ 15, ಮಂಗಳವಾರ. ಹಿಂದಿನ ರಾತ್ರಿ ಎಂಟಕ್ಕೆ ಶುರು ಮಾಡಿ ಬೆಳಗಿನ ಜಾವ ಐದೂವರೆವರೆಗೆ ಗೋಣಿಚೀಲದ ಮೇಲೆ ಮೊಣಕಾಲೂರಿ ಏಳು ಜನ ಸೇರಿ ರಸ್ತೆ ಮೇಲೆ ಗಾಂಧೀಜಿ ಮುಖ ಬರೆದಿದ್ವಿ, ಬರೀ ಚಾಕ್‌ಪೀಸು ಮತ್ತೆ ಇದ್ದಿಲಲ್ಲಿ. ಮಧ್ಯಾಹ್ನ ಪೊಲೀಸ್ನೋರು ಬ್ಯಾರಿಕೇಡ್ ತೆಗೆದ್ರು. ಸಂಜೆ ಹಾಲು ತರೋಕೆ ಅಂತ ಹೋದವನು ನೋಡಿದ್ರೆ ಎಡಗಣ್ಣಿಂದ ಮೀಸೆವರೆಗೆ ಓರೆಯಾಗಿ ಒಂದು ಟೈರ್ ಗುರುತು, ಬಸ್ಸಿಂದೋ ಲಾರಿದೋ ಗೊತ್ತಿಲ್ಲ, ಟೈರಿನ ಕಚ್ಚು ಕಚ್ಚೂ ಅಚ್ಚೊತ್ತಿದಂಗೆ ಕಾಣ್ತಿತ್ತು. ಕನ್ನಡಕದ ಒಂದು ಗಾಜು ಇತ್ತು, ಇನ್ನೊಂದು ಹೋಗಿತ್ತು. ಯಾರೂ ಬೇಕು ಅಂತ ಮಾಡಿದ್ದಲ್ಲ, ರಸ್ತೆ ಇರೋದೇ ಗಾಡಿ ಓಡಾಡೋಕೆ. ಅದು ಗೊತ್ತಿದ್ದೂ ಹಾಲಿನ ಪ್ಯಾಕೆಟ್ ಹಿಡ್ಕೊಂಡು ಅಲ್ಲೇ ನಿಂತುಬಿಟ್ಟೆ. ಆಮೇಲೆ ಮೂರು ದಿನ ಆಫೀಸಿಗೆ ಸುತ್ತು ಹಾಕ್ಕೊಂಡು ಬೇರೆ ದಾರೀಲಿ ಹೋದೆ.

ಮಳೆ ಬಂದು ತೊಳ್ಕೊಂಡು ಹೋಗುತ್ತೆ ಅಂತ ನಾವೆಲ್ಲ ಅಂದ್ಕೊಂಡಿದ್ದು. ಶ್ರಾವಣ ಬೇರೆ ಹತ್ರ ಇತ್ತು. ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರು ಮಳೆ ನಂಬ್ಕೊಂಡು ಪ್ಲಾನ್ ಮಾಡ್ತೀವಿ ಅಂದ್ರೆ ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ನಮ್ಮ ಮಾರಿಕಣಿವೆ, ಅದೇ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಕೋಡಿ ಬೀಳೋಕೆ 2022ರವರೆಗೆ ಕಾಯಿಸ್ತು, ಮಧ್ಯೆ 89 ವರ್ಷ. 2022ರ ಆ ಮಳೆ ನೋಡಿ ತಲೆ ಕೆಟ್ಟಿತ್ತು ಅನ್ಸುತ್ತೆ ನಮಗೆ. ಮರುವರ್ಷದ ಆಗಸ್ಟು, ಹವಾಮಾನ ಇಲಾಖೆಯೋರು 1901ರಿಂದ ಲೆಕ್ಕ ಇಟ್ಟಿದ್ದಾರಲ್ಲ, ಅದರಲ್ಲೇ ಇಡೀ ದೇಶಕ್ಕೆ ಅತಿ ಕಡಿಮೆ ಮಳೆ ಬಿದ್ದ ಆಗಸ್ಟಂತೆ. ಆ ತಿಂಗಳನ್ನೇ ಹುಡುಕಿ ಆರಿಸ್ಕೊಂಡಂಗೆ ನಾವು ಚಿತ್ರ ಬರೆದಿದ್ವಿ.

ಆದ್ರೆ ನನ್ನ ತಲೇಲಿ ಇವತ್ತಿಗೂ ಕೊರೀತಾ ಇರೋದು ಮಳೆ ಅಲ್ಲ. ಎಲ್ಲಕ್ಕೂ ಮುಂಚೆ, ಪ್ಲಾನ್ ಮಾಡೋ ದಿನಾನೇ, ನಮ್ಮಪ್ಪ ಒಂದು ಪ್ರಶ್ನೆ ಕೇಳಿದ್ದ. "ಬರೆಯೋರು ಏಳು ಜನ ಅಂತೀರ. ಅಳಿಸೋರು ಯಾರು?" ನಾವು ನಕ್ಕಿದ್ವಿ.

ಬೋರ್ಡ್ ಬರೆಯೋರ ಮನೆ

ನಮ್ಮಪ್ಪ ಬೋರ್ಡ್ ಬರೀತಿದ್ದ. ಅಂಗಡಿ ಬೋರ್ಡು, ಲಾರಿ ಹಿಂದಿನ ಸಾಲು, ಗೋಡೆ ಮೇಲಿನ ಸಿಮೆಂಟು ಗೊಬ್ಬರದ ಜಾಹೀರಾತು, ಎಲೆಕ್ಷನ್ ಬಂದ್ರೆ ಎಲ್ಲಾ ಪಕ್ಷದ ಚಿಹ್ನೆ. ಫ್ಲೆಕ್ಸ್ ಬಂದ ಮೇಲೆ ಆ ಕತೆ ಏನಾಯ್ತು ಅಂತ ಹೊಸದಾಗಿ ಹೇಳೋದೇನಿಲ್ಲ. ಆದ್ರೆ ಆ ಮನೇಲಿ ಬೆಳೆದಿದ್ದರಿಂದ ನಂಗೆ ಎರಡು ವಿಷಯ ಗೊತ್ತು. ಒಂದು, ಚಾಕ್‌ಪುಡಿ ಸವರಿದ ದಾರನ ಎರಡೂ ಕಡೆ ಬಿಗಿಯಾಗಿ ಹಿಡಿದು ಮಧ್ಯೆ ಎತ್ತಿ ಫಟ್ ಅಂತ ಬಿಟ್ರೆ ಎಷ್ಟುದ್ದದ ಗೆರೆ ಆದ್ರೂ ನೇರ ಬರುತ್ತೆ. ಇನ್ನೊಂದು, ಬೋರ್ಡ್ ಬರೆಯೋರ ಅರ್ಧ ಕೆಲಸ ಅಳಿಸೋದು. ಹಳೇ ಜಾಹೀರಾತಿನ ಮೇಲೆ ಸುಣ್ಣ ಎರಡು ಸಲ ಹೊಡೀದೇ ಹೊಸದು ಕೂರಲ್ಲ. ಎಲೆಕ್ಷನ್ ಟೈಮಲ್ಲಿ ನೀತಿಸಂಹಿತೆ ಜಾರಿಯಾದ ತಕ್ಷಣ ಗೋಡೆಬರಹ ಎಲ್ಲ ತೆಗೀಬೇಕು, ಆಗ ಅಪ್ಪಂಗೆ ಮತ್ತೆ ಕರೆ ಬರೋದು. "ಬರೆಯೋಕೆ ಒಬ್ಬ ದುಡ್ಡು ಕೊಡ್ತಾನೆ, ಅದನ್ನೇ ಅಳಿಸೋಕೆ ಇನ್ನೊಬ್ಬ ಕೊಡ್ತಾನೆ, ನಾನು ಯಾರಿಗೂ ಬ್ಯಾಡ ಅನ್ನಲ್ಲ" ಅನ್ನೋನು. ಅಳಿಸಿದ್ದು ನೀಟಾಗಿದೆಯಾ ಅಂತ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ನೋಡೋನು, ಥೇಟ್ ಬರೆದಿದ್ದನ್ನ ನೋಡೋ ಥರಾನೇ.

ಈಗ ಅಪ್ಪಂಗೆ ಎಪ್ಪತ್ತು ದಾಟಿದೆ. ಮೊಣಕಾಲು ಊರೋಕಾಗಲ್ಲ. ನಮ್ಮ ಬೀದಿ ಹುಡುಗರು, ಗಣೇಶನ ಪೆಂಡಾಲ್ ಹಾಕೋ ಗ್ಯಾಂಗೇ, ಆಗಸ್ಟ್ 15ಕ್ಕೆ ರಸ್ತೆ ಮೇಲೆ ದೊಡ್ಡದಾಗಿ ಏನಾದ್ರೂ ಬರೆಯೋಣ ಅಂತ ಬಂದಾಗ ಸೀದಾ ಅಪ್ಪನ ಹತ್ರ ಬಂದ್ರು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದ್ತಾ ಇರೋ ನಮ್ಮೂರ ಹುಡುಗಿ ಒಬ್ಬಳು ಮತ್ತೆ ಅವಳ ಕ್ಲಾಸ್‌ಮೇಟ್ ಒಬ್ಬ ಸೇರ್ಕೊಂಡ್ರು. ಮೊದಲು ರಂಗೋಲಿ ಪುಡಿ ಅಂತಾನೇ ಇದ್ದಿದ್ದು, ಅಪ್ಪಾನೇ ಬೇಡ ಅಂದ. ಆಗಸ್ಟಲ್ಲಿ ದುರ್ಗದ ಗಾಳಿ ಗೊತ್ತಲ್ಲ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿ ಫ್ಯಾನು ನಿಲ್ಲಿಸಿದವರು ಸುಮ್ಮನೆ ನಿಲ್ಲಿಸಿಲ್ಲ. ರಾತ್ರಿ ಹಾಕಿದ ಕೇಸರಿ ಪುಡಿ ಬೆಳಗ್ಗೆ ಚಳ್ಳಕೆರೆ ರೋಡಲ್ಲಿ ಸಿಗುತ್ತೆ ಅಂದ. ಹಂಗಾಗಿ ಚಾಕ್‌ಪೀಸು.

ಚಾಕಿಂದೂ ಒಂದು ತಾಪತ್ರಯ ಇದೆ. ನಾವು ಸೀಮೆಸುಣ್ಣ ಅಂತೀವಿ, ಆದ್ರೆ ಈಗ ಬಾಕ್ಸಲ್ಲಿ ಬರೋದು ಬಹುಪಾಲು ಜಿಪ್ಸಂ, ಮೆತ್ತಗಿರುತ್ತೆ. ಡಾಂಬರು ರಸ್ತೆ ಅದನ್ನ ತಿಂದು ಹಾಕುತ್ತೆ. ಒಂದಡಿ ತುಂಬೋಕೆ ನಾಲ್ಕು ಪೀಸು, ಅಷ್ಟಾದ್ರೂ ಮಧ್ಯೆ ಮಧ್ಯೆ ಕಪ್ಪು ಚುಕ್ಕಿ ಇಣುಕ್ತಾನೇ ಇರುತ್ತೆ. ಅದಕ್ಕೆ ದಾವಣಗೆರೆ ಹುಡುಗಿ ಒಂದು ಐಡಿಯಾ ಕೊಟ್ಲು: ಚಾಕನ್ನ ಸಕ್ಕರೆ ನೀರಲ್ಲಿ ನೆನೆಸಿಟ್ಟು ಒದ್ದೆ ಇರುವಾಗಲೇ ಬರೆದ್ರೆ ಬಣ್ಣ ಗಾಢ ಬರುತ್ತೆ, ಒಣಗಿದ ಮೇಲೆ ಉದುರೋದೂ ಕಮ್ಮಿ. ಬಕೆಟ್ಟಲ್ಲಿ ಸಕ್ಕರೆ ನೀರು ಕಲಸಿ ನೂರಾರು ಪೀಸು ಮುಳುಗಿಸಿದ್ವಿ. ಬಣ್ಣ ಏನು ಬಂತು ಅಂತೀರ! ಗೋಡೆಗೆ ಎನಾಮಲ್ ಹೊಡ್ದಂಗೆ. ಗಾಂಧೀಜಿ ಮುಖ ಮೂರು ದಿನ ಅಲುಗಾಡದೆ ಕೂತಿದ್ದು ಯಾಕೆ ಅಂತ ಈಗ ನಿಮಗೂ ಗೊತ್ತಾಗಿರಬೇಕು. ಉಳೀಲಿ ಅಂತ ನಾವೇ ಸಕ್ಕರೆ ಹಾಕಿ ಅಂಟಿಸಿದ್ವಿ, ಆಮೇಲೆ ಯಾಕಪ್ಪಾ ಹೋಗ್ತಿಲ್ಲ ಅಂತ ಆಕಾಶ ನೋಡ್ತಾ ಕೂತ್ವಿ. (ಇರುವೆ ಬೇರೆ. ಬೆಳಗ್ಗೆ ಆರಕ್ಕೆ ನೋಡಿದ್ರೆ ಗಾಂಧೀಜಿ ಕಿವಿಯಿಂದ ಗಲ್ಲದವರೆಗೆ ಒಂದು ಸಾಲು ಕೆಂಜಿಗ. ಅಕ್ಕಿಹಿಟ್ಟಿನ ರಂಗೋಲಿ ಇರುವೆಗೆ ಊಟ ಅಂತ ಅಜ್ಜಿ ಹೇಳ್ತಿದ್ದಿದ್ದು ನೆನಪಾಯ್ತು, ಆದ್ರೆ ಹಿಂಗಲ್ಲ.)

ರಾತ್ರಿ ಹನ್ನೊಂದು ಗಂಟೆ

ಶುರುವಲ್ಲಿ ಬರೀಬೇಕು ಅಂತ ಇದ್ದಿದ್ದು ಗಾಂಧೀಜಿ ಅಲ್ಲವೇ ಅಲ್ಲ. ಬಾವುಟ. ಮೂವತ್ತಡಿ ಉದ್ದ ಇಪ್ಪತ್ತಡಿ ಅಗಲ, ಯಾಕಂದ್ರೆ ಬಾವುಟದ ಅಳತೆ 3:2 ಇರಬೇಕು. ಇಪ್ಪತ್ತಡಿನ ಮೂರು ಭಾಗ ಮಾಡಿದ್ರೆ ಒಂದೊಂದು ಪಟ್ಟಿ ಆರಡಿ ಎಂಟಿಂಚು. ಅಪ್ಪ ಪ್ಲಾಸ್ಟಿಕ್ ಚೇರ್ ಮೇಲೆ ಕೂತು ಹೇಳ್ತಾ ಹೋದ, ನಾವು ದಾರ ಹೊಡೀತಾ ಹೋದ್ವಿ. ಮಧ್ಯದ ಚಕ್ರಕ್ಕೆ ಡಾಂಬರಲ್ಲಿ ಒಂದು ಮೊಳೆ ಹೊಡೆದು ಮೂರಡಿ ದಾರ ಕಟ್ಟಿ ಒಂದು ಸುತ್ತು ಹಾಕಿದ್ವಿ. ಅರೆಗಳು 24 ಬರಬೇಕು, ಅಂದ್ರೆ ಒಂದೊಂದಕ್ಕೆ 15 ಡಿಗ್ರಿ. ಒಬ್ಬ ಹುಡುಗ ಮೊಬೈಲಲ್ಲಿ ಕೋನಮಾಪಕದ ಆ್ಯಪ್ ಹುಡುಕ್ತಾ ಇದ್ದ. ಅಪ್ಪ ಅವನ ಕಡೆ ನೋಡೂ ಇಲ್ಲ. "ಅದೇ ದಾರ ಐತಲ್ಲ, ಅದೇ ಅಳತೆ ಸುತ್ತಿನ ಮೇಲೆ ಇಟ್ಟು ಗುರ್ತು ಹಾಕ್ತಾ ಹೋಗು, ಆರನೇದಕ್ಕೆ ಹೊರಟಲ್ಲಿಗೇ ಬಂದು ನಿಲ್ತೈತೆ" ಅಂದ. ನಿಂತಿತು. ಆ ಆರನ್ನ ಅರ್ಧ ಮಾಡಿ ಹನ್ನೆರಡು, ಅದನ್ನ ಅರ್ಧ ಮಾಡಿ ಇಪ್ಪತ್ನಾಲ್ಕು. ಹೈಸ್ಕೂಲಲ್ಲಿ ಕಂಪಾಸು ಹಿಡ್ಕೊಂಡು ಇದನ್ನೇ ಮಾಡಿದ್ದೆ, ಆದ್ರೆ ಮಂಡಿಯೂರಿ ಮೈಯೆಲ್ಲಾ ಬಗ್ಗಿಸಿ ಮಾಡಿದಾಗ ತಲೆಗೆ ಹೋದಷ್ಟು ಆಗ ಹೋಗಿರ್ಲಿಲ್ಲ.

ಹತ್ತೂವರೆಗೆ ಅಪ್ಪನ್ನ ಮನೆಗೆ ಬಿಟ್ಟು ಬಂದೆ. ಕೇಸರಿ ಅರ್ಧ ತುಂಬಿತ್ತು, ಚಕ್ರ ನೀಲಿ ಆಗಿತ್ತು. ಹನ್ನೊಂದಕ್ಕೆ ರೌಂಡ್ಸ್ ಬಂದ ಒಬ್ಬ ಎಎಸ್‌ಐ ಬೈಕ್ ನಿಲ್ಲಿಸಿದ್ರು.

"ಏನ್ರಪ್ಪ ಇದು?"

"ಫ್ಲಾಗ್ ಸಾರ್. ಪರ್ಮಿಷನ್ ಐತೆ ಸಾರ್."

"ಪರ್ಮಿಷನ್ ಐತೆ, ಗೊತ್ತು. ಚಿತ್ರ ಬರೆಯೋಕೆ ಐತೆ. ನೆಲದ ಮೇಲೆ ಬಾವುಟ ಹಾಸೋಕಿಲ್ಲ. ನಾಳೆ ಮಧ್ಯಾಹ್ನ ನಾವೇ ಬ್ಯಾರಿಕೇಡ್ ಎತ್ತೀವಿ. ಆಮೇಲೆ ಇದರ ಮೇಲೆ ಏನೇನು ಓಡಾಡ್ತೈತೆ, ಒಂಚೂರು ಯೋಚ್ನೆ ಮಾಡ್ರಿ."

ನಮ್ಮಲ್ಲಿ ಒಬ್ಬಂಗೆ ಸಿಟ್ಟು ಬಂತು. "ದೇಶಪ್ರೇಮದಿಂದ ಮಾಡ್ತಿರೋದು ಸಾರ್" ಅಂದ. ಎಎಸ್‌ಐ ದನಿ ಎತ್ತಲಿಲ್ಲ. "ಅದಕ್ಕೇ ಹೇಳ್ತಿರೋದು" ಅಂದ್ರು, ಅಷ್ಟೇ.

ಟೀ ಅಂಗಡಿಯಿಂದ ಎರಡು ಬಕೆಟ್ ನೀರು ತಂದು ಒದ್ದೆ ಗೋಣಿಚೀಲದಲ್ಲಿ ಇಪ್ಪತ್ನಾಲ್ಕು ಅರೆ ಉಜ್ಜಿದ್ವಿ. ಸಕ್ಕರೆ ಚಾಕ್‌ಪೀಸು ಸುಲಭಕ್ಕೆ ಹೋಗ್ಲೂ ಇಲ್ಲ, ಒಂದು ತೆಳು ನೀಲಿ ಮಬ್ಬು ಉಳೀತು, ಆಮೇಲೆ ಅದೇ ಗಾಂಧೀಜಿ ಕುತ್ತಿಗೆ ಹತ್ರದ ನೆರಳಾಯ್ತು. ಮೊಳೆ ಕೀಳೋಕೆ ಹೋದ್ರೆ ತಲೆ ಮುರ್ಕೊಂಡು ಒಳಗೇ ಉಳ್ಕೊಂತು. ಈಗೇನ್ ಮಾಡೋದು ಅಂತ ಕೂತಾಗ ಯಾರೋ ಅಂದ್ರು, ಗಾಂಧಿ ಸರ್ಕಲ್ ತಾನೇ, ಗಾಂಧೀನೇ ಬರೆಯೋಣ. ಯಾರೋ ಅಲ್ಲ, ನಾನೇ ಅಂದಿದ್ದು. ಎಎಸ್‌ಐ ಕೂಡ "ಅದು ಸರಿ, ಅದು ಬರೀರಿ" ಅಂತ ಹೇಳಿ ನಮ್ಮ ಜತೆ ಒಂದು ಟೀ ಕುಡಿದು ಹೋದ್ರು. ಮೊಬೈಲಲ್ಲಿ ಒಂದು ಫೋಟೋ ತೆಗೆದು, ಅದರ ಮೇಲೆ ಚೌಕ ಹಾಕಿ, ರಸ್ತೆ ಮೇಲೂ ದಾರ ಹೊಡೆದು ಎರಡೆರಡು ಅಡಿಯ ಚೌಕ ಮಾಡಿ ಒಬ್ಬೊಬ್ಬರಿಗೆ ಒಂದಿಷ್ಟು ಹಂಚಿಕೊಂಡ್ವಿ. ಅಷ್ಟು ಹತ್ರದಿಂದ ಮುಖ ಅಂತ ಗೊತ್ತೇ ಆಗಲ್ಲ. ನನ್ನ ಪಾಲಿಗೆ ಬಂದಿದ್ದು ಎಡಗಣ್ಣು. ಮೂರು ತಾಸು ಬಗ್ಗಿಕೊಂಡು ಬರೆದಾಗ ನಂಗೆ ಕಂಡಿದ್ದು ಒಂದು ಕಪ್ಪು ಅರ್ಧಚಂದ್ರ, ಸುತ್ತ ಬೂದು ಸುಕ್ಕುಗಳು, ಅಷ್ಟೇ. ಬೆಳಗ್ಗೆ ಎದುರು ಬಿಲ್ಡಿಂಗಿನ ಮೊದಲನೇ ಮಹಡಿ ಹತ್ತಿ ನೋಡಿದಾಗಲೇ ಅದು ನೋಡ್ತಾ ಇದೆ ಅಂತ ಗೊತ್ತಾಗಿದ್ದು.

ಬಾವುಟ ತುಳೀತಾರೆ ಅಂತ ಅಳಿಸಿದ ಜಾಗದಲ್ಲೇ ಒಂದು ಮುಖ ಬರೆದ್ವಿ. ಎಎಸ್‌ಐಗೆ ಹೊಳೀಲಿಲ್ಲ, ನಮಗೂ ಹೊಳೀಲಿಲ್ಲ. ಅಪ್ಪ ಅಲ್ಲಿದ್ದಿದ್ರೆ ಹೊಳೀತಿತ್ತು ಅಂತ ಈಗಲೂ ಅನ್ಸುತ್ತೆ.

ಕಾನೂನು ಏನನ್ನುತ್ತೆ, ಮತ್ತೆ ಇಟಲಿ

ಆಮೇಲೆ ಕೂತು ಓದಿದೆ. ಎಎಸ್‌ಐ ಹೇಳಿದ್ದು ಸುಮ್ಮನೆ ಅಧಿಕಾರದ ಮಾತಲ್ಲ. 1971ರ ರಾಷ್ಟ್ರ ಗೌರವದ ಕಾಯ್ದೆಯಲ್ಲಿ ಬಾವುಟ ಅಂದ್ರೆ ಬಟ್ಟೆ ಮಾತ್ರ ಅಲ್ಲ, ಅದರ ಚಿತ್ರ, ಫೋಟೋ, ಕಣ್ಣಿಗೆ ಕಾಣೋ ಯಾವ ರೂಪ ಆದ್ರೂ ಬಾವುಟಾನೇ. 2003ರ ತಿದ್ದುಪಡಿ ಪ್ರಕಾರ ಬೇಕಂತ ಬಾವುಟ ನೆಲಕ್ಕೆ ತಾಗೋಕೆ ಬಿಡೋದೂ ಅವಮಾನ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ರಸ್ತೆ ಮೇಲೆ ಬರೆದ ಬಾವುಟ ಹುಟ್ಟುತ್ತಲೇ ನೆಲಕ್ಕೆ ಬಿದ್ದಂಗೆ. ನಾನೇನು ವಕೀಲ ಅಲ್ಲ. ಸ್ಕೂಲುಗಳ ಅಂಗಳದಲ್ಲಿ ಟೀಚರ್‌ಗಳು ಮೂರು ಬಣ್ಣದ ರಂಗೋಲಿ ಹಾಕ್ತಾರಲ್ಲ, ಅದರಲ್ಲಿ ಬಣ್ಣ ಎಲ್ಲಿ ಮುಗಿದು ಬಾವುಟ ಎಲ್ಲಿ ಶುರುವಾಗುತ್ತೆ ಅಂತ ಕೇಳಿದ್ರೆ ನಂಗೆ ಉತ್ತರ ಗೊತ್ತಿಲ್ಲ, ಅದರ ಮೇಲೆ ಕೇಸ್ ಹಾಕಿ ಅಂತಾನೂ ನಾನು ಹೇಳ್ತಿಲ್ಲ. ಆದ್ರೆ ಆ ರಾತ್ರಿ ಎಎಸ್‌ಐ ಕಾನೂನು ಸೆಕ್ಷನ್ ಅಂತ ಒಂದು ಮಾತೂ ಎತ್ತಲಿಲ್ಲ, ನಾಳೆ ಮಧ್ಯಾಹ್ನದ ಬಗ್ಗೆ ಮಾತಾಡಿದ್ರು. ಚಿತ್ರ ಬರೆಯೋರು ನಾವು, ನಮಗಿಂತ ಮುಂದಿನದು ಅವರಿಗೆ ಕಂಡಿತ್ತು.

ಇದೇ ಆಗಸ್ಟ್ 15ಕ್ಕೆ ಇಟಲಿಯಲ್ಲೂ ರಜೆ. ಮಾತೆ ಮೇರಿಯ ಹಬ್ಬ. ಮಾಂತೋವಾ ಹತ್ರ ಗ್ರಾತ್ಸಿಯೆ ಅಂತ ಒಂದು ಸಣ್ಣ ಊರಿದೆ, ಅಲ್ಲಿ ಚರ್ಚಿನ ಮುಂದಿನ ಬಯಲಲ್ಲಿ 1973ರಿಂದ ಚಾಕ್ ಕಲಾವಿದರು ಸೇರಿ ರಾತ್ರಿಯೆಲ್ಲ ಕೂತು ನೆಲದ ಮೇಲೆ ಚಿತ್ರ ಬರೀತಾರೆ. ಮಡೋನ್ನಾ ಅಂದ್ರೆ ಮೇರಿ, ಹಳೇ ಕಾಲದಲ್ಲಿ ಊರೂರು ತಿರುಗಿ ಅವಳ ಚಿತ್ರ ಬೀದೀಲಿ ಬರೆದು ಬಂದ ಚಿಲ್ಲರೆಯಲ್ಲಿ ಬದುಕ್ತಿದ್ದವರು ಮಡೊನ್ನಾರಿಗಳು. ಅದೇ ದಿನ, ಅದೇ ಚಾಕ್‌ಪೀಸು, ಅದೇ ನಿದ್ದೆಗೆಟ್ಟ ರಾತ್ರಿ. ಇದನ್ನ ಓದಿದಾಗ ನಂಗೆ ನೆನಪಾಗಿದ್ದು ಇಟಲಿ ಅಲ್ಲ, ನಾಯಕನಹಟ್ಟಿ.

ಗುಡ್ಡದ ಮೇಲೆ ಹಾಕು

ನಂಗೆ ಎಂಟೋ ಒಂಬತ್ತೋ ಇರಬೇಕು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಅಪ್ಪ ಪ್ರತಿ ವರ್ಷ ಎರಡು ದಿನ ಮುಂಚೆ ಹೋಗ್ತಿದ್ದ, ಮಿಠಾಯಿ ಅಂಗಡಿ, ಬಳೆ ಅಂಗಡಿಯೋರಿಗೆ ತಗಡಿನ ಮೇಲೆ ಹೆಸರು ಬರ್ಕೊಡೋಕೆ. ಆ ವರ್ಷ ನನ್ನನ್ನೂ ಕರ್ಕೊಂಡು ಹೋಗಿದ್ದ. ತೇರಿನ ಬೀದಿಯಿಂದ ಸ್ವಲ್ಪ ಆಚೆ, ಬಸ್ಸು ನಿಲ್ಲೋ ಕಡೆ, ಒಬ್ಬ ಮನುಷ್ಯ ನೆಲದ ಮೇಲೆ ಆಂಜನೇಯ ಬರೀತಾ ಇದ್ದ. ಒಂದು ಕಾಲು ಸ್ವಾಧೀನ ಇರ್ಲಿಲ್ಲ, ಅದನ್ನ ಮಡಚಿ ಹಲಗೆ ಮೇಲೆ ಇಟ್ಕೊಂಡು ಜರುಗ್ತಾ ಜರುಗ್ತಾ ಬರೀತಿದ್ದ. ಕಪ್ಪಿಗೆ ಇದ್ದಿಲು, ಕೆಂಪಿಗೆ ಇಟ್ಟಿಗೆ ಪುಡಿ, ಹಳದಿಗೆ ಅರಿಶಿನ, ಬಿಳಿಗೆ ಸುಣ್ಣದ ಪುಡಿ, ಹಸಿರಿಗೆ ಯಾವುದೋ ಎಲೆ ಅರೆದು ಹಿಂಡಿದ್ದ. ಆಂಜನೇಯ ಒಂದು ಕೈಯಲ್ಲಿ ಗುಡ್ಡ ಎತ್ಕೊಂಡು ಹಾರ್ತಾ ಇದ್ದ, ಗುಡ್ಡ ಆಂಜನೇಯನಿಗಿಂತ ದೊಡ್ಡದಿತ್ತು, ಯಾಕಂತ ಆಗ ಗೊತ್ತಾಗಲಿಲ್ಲ.

"ಮಾಡಿದಷ್ಟು ನೀಡು ಭಿಕ್ಷೆ" ಅಂತ ಹೇಳಿದ ಸ್ವಾಮಿಯ ಊರದು, ಜನ ಧಾರಾಳವಾಗೇ ಹಾಕ್ತಿದ್ರು. ಅಪ್ಪ ನಂಗೂ ನಾಲ್ಕಾಣೆ ಕೊಟ್ಟ. ನಾನು ಹೋಗಿ ಭಕ್ತಿಯಿಂದ ಆಂಜನೇಯನ ಹಣೆ ಮೇಲೆ ಇಡೋಕೆ ಬಗ್ಗಿದೆ. ಆ ಮನುಷ್ಯ ತಲೆ ಎತ್ತದೇ ಹೇಳ್ದ: "ಮಕದ ಮ್ಯಾಲೆ ಬ್ಯಾಡ ಮರಿ. ಗುಡ್ಡದ ಮ್ಯಾಲೆ ಹಾಕು." ಆಗ ನೋಡಿದೆ, ಎಲ್ಲಾ ಚಿಲ್ಲರೆ ಗುಡ್ಡದ ಮೇಲೇ ಇತ್ತು. ಐದು ಪೈಸೆ, ಹತ್ತು ಪೈಸೆ, ಒಂದೆರಡು ರೂಪಾಯಿ. ಗುಡ್ಡ ಅಷ್ಟು ದೊಡ್ಡದಾಗಿ ಬರೆದಿದ್ದೇ ಅದಕ್ಕೆ.

ಸಂಜೆ ಅಪ್ಪನ ಕೆಲಸ ಮುಗಿದು ಬಸ್ಸಿಗೆ ಕಾಯ್ತಾ ಇದ್ವಿ. ಅವನು ದುಡ್ಡು ಬಳ್ಕೊಂಡು ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸ್ದ. ಆಮೇಲೆ ಒಂದು ತುಂಡು ಬಟ್ಟೆ ಚೊಂಬಿನ ನೀರಲ್ಲಿ ಅದ್ದಿ ಮೊದಲು ಆಂಜನೇಯನ ಕಣ್ಣು ಒರೆಸ್ದ. ಎರಡೂ ಕಣ್ಣು, ಮೆಲ್ಲಗೆ, ಸುತ್ತ ಏನೂ ಕೆಡದಂಗೆ. ಆಮೇಲೆ ಮುಖ. ಆಮೇಲೆ ಕೈಕಾಲೆಲ್ಲ ಪರಪರ ಅಂತ ಒರೆಸಿಬಿಟ್ಟ, ಗುಡ್ಡ ಹಂಗೇ ಬಿಟ್ಟ. ಜನ ಗುಡ್ಡದ ಮೇಲೆ ನಡ್ಕೊಂಡು ಬಸ್ ಹತ್ತಿದ್ರು, ನಾವೂ ಹತ್ತಿದ್ವಿ. ಅಪ್ಪ ಹತ್ತೋಕೆ ಮುಂಚೆ ಹೋಗಿ ಅವನಿಗೆ ಒಂದು ಬೀಡಿ ಕೊಟ್ಟು ಏನೋ ಎರಡು ಮಾತಾಡಿ ಬಂದ. ಏನು ಮಾತಾಡಿದೆ ಅಂತ ಕೇಳಿದ್ದಕ್ಕೆ "ಅವ್ನೂ ನಮ್ಮ ಕೆಲ್ಸದೋನೇ" ಅಂದ. ಮೂವತ್ತು ವರ್ಷ ಆ ಮಾತನ್ನ ನಾನು ಬರೀ ಬಣ್ಣದ ಕೆಲಸ ಅಂತಾನೇ ತಿಳ್ಕೊಂಡಿದ್ದೆ.

ಟೈರ್ ಗುರುತು ನೋಡಿ ಬಂದ ರಾತ್ರಿ ಊಟಕ್ಕೆ ಕೂತಾಗ ಅಪ್ಪಂಗೆ ಹೇಳಿದೆ. ಬೈತಾನೆ ಅಂದ್ಕೊಂಡಿದ್ದೆ. ಮುದ್ದೆ ಮುರೀತಾ "ಕಣ್ಣು ಯಾರು ಬರೆದಿದ್ದು?" ಅಂತ ಕೇಳ್ದ. ನಾನು ಅಂದೆ. "ಮತ್ತೆ ನೀನೇ ಹೋಗಿ ಒರೆಸ್ಬೇಕಿತ್ತಪ್ಪ" ಅಂತ ಹೇಳಿ ಸಾರು ಬಡಿಸ್ಕೊಂಡ. ಹೋಗಿ ಒರೆಸಬಹುದಿತ್ತು, ರಾತ್ರಿ ಹನ್ನೊಂದಾದ ಮೇಲೆ ಟ್ರಾಫಿಕ್ ಏನಿರಲ್ಲ. ಹೋಗಲಿಲ್ಲ. ಜನ ಇನ್ನೂ ಸ್ಟೇಟಸ್ಸಿಗೆ ಹಾಕ್ಕೋತಾ ಇದ್ರು, ಪೇಪರಲ್ಲಿ ಬೇರೆ ಫೋಟೋ ಬರಬಹುದು ಅಂತ ಆಸೆ ಇತ್ತು. ಅಳಿಸೋಕೆ ಮನಸು ಬರಲಿಲ್ಲ ಅನ್ನೋದು ನೆಪ, ಲೈಕ್ಸ್ ಬರ್ತಾ ಇದ್ವು ಅನ್ನೋದು ನಿಜ.

ಉಳಿಯೋದು, ಹೋಗೋದು

ಈ ವಿಷಯದಲ್ಲಿ ನಮ್ಮ ಜಿಲ್ಲೆ ವಿಚಿತ್ರ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಇವೆ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಎರಡು ಸಾವಿರ ವರ್ಷದ ಮೇಲಾಯ್ತು, ಬಂಡೆ ಮೇಲೆ ಹಂಗೇ ಇವೆ. ಅದರ ಕೊನೇಲಿ ಬರೆದವನು ತನ್ನ ಹೆಸರು ಚಪಡ ಅಂತ ಹಾಕಿ, ಲಿಪಿಕಾರ ಅನ್ನೋ ಪದನ ಮಾತ್ರ ಖರೋಷ್ಠಿ ಲಿಪೀಲಿ ಬರೆದಿದ್ದಾನೆ, ಅದು ಗಾಂಧಾರದ ಕಡೆಯ ಲಿಪಿ, ಇಲ್ಲಿ ಯಾರಿಗೂ ಓದೋಕೆ ಬರ್ತಿರಲಿಲ್ಲ ಅನ್ಸುತ್ತೆ. ನಂಗೆ ಅವನು ಥೇಟ್ ಬೋರ್ಡ್ ಬರೆಯೋನು ಅನ್ಸುತ್ತೆ. ಅಪ್ಪನೂ ಬೋರ್ಡಿನ ಬಲಮೂಲೇಲಿ ಸಣ್ಣದಾಗಿ ಸಹಿ ಹಾಕ್ತಿದ್ದ, ಅಂಗಡಿ ಮಾಲೀಕರು ನೋಡ್ತಿರಲಿಲ್ಲ, ಬೇರೆ ಬೋರ್ಡ್ ಬರೆಯೋರು ನೋಡ್ತಿದ್ರು. ಬಂಡೆ ಮೇಲೆ ಕೆತ್ತಿದವನಿಗೆ ಅಳಿಸೋರು ಯಾರು ಅಂತ ಯಾರೂ ಕೇಳಿರಲ್ಲ ಬಿಡಿ. ಅಶೋಕನ ಚಕ್ರನೇ ನಾವು ಅವತ್ತು ರಾತ್ರಿ ಬರೆದು ಉಜ್ಜಿದ್ದು. ಒಂದು ತಾಸೂ ಇರ್ಲಿಲ್ಲ.

ಇನ್ನೊಂದು ತುದೀಲಿ ಬಾದಲ್ ನಂಜುಂಡಸ್ವಾಮಿ ಥರದವರು. 2015ರಲ್ಲಿ ಬೆಂಗಳೂರಿನ ರಸ್ತೆ ಗುಂಡೀಲಿ ಮೊಸಳೆ ಕೂರಿಸಿದ್ರಲ್ಲ, 2019ರಲ್ಲಿ ಗುಂಡಿ ಬಿದ್ದ ರಸ್ತೆ ಮೇಲೆ ಗಗನಯಾತ್ರಿ ನಡೆಸಿದ್ರಲ್ಲ. ಅದು ಹೋಗಲಿ ಅಂತಲೇ ಮಾಡಿದ ಕೆಲಸ. ಗುಂಡಿ ಮುಚ್ಚಿದ ದಿನ ಆ ಚಿತ್ರ ಗೆಲ್ಲುತ್ತೆ. ನಂದು ಎರಡೂ ಅಲ್ಲ, ಉಳೀಲಿ ಅಂತ ಸಕ್ಕರೆ ಹಾಕಿದೆ, ಹೋಗಲಿ ಅಂತ ಮಳೆ ಕಾದೆ.

ಬಿದ್ದ ಮರ

2024ರಲ್ಲಿ ಯಾರೂ ಮಾತೆತ್ತಲಿಲ್ಲ. ಈ ವರ್ಷ, 2025ಕ್ಕೆ, ಹುಡುಗರು ಮತ್ತೆ ಬಂದ್ರು. ಏನು ಬರೆಯೋದು ಅಂತ ಒಂದು ವಾರ ಜಗಳ. ಓಬವ್ವ ಅಂದ್ರು, ಮದಕರಿ ನಾಯಕ ಅಂದ್ರು, ನಾನು ಮುಖ ಬೇಡ್ವೇ ಬೇಡ ಅಂದೆ. ಭೂಪಟ ಅಂದ್ರು, ಅದೂ ತುಳಿಯೋದಲ್ವಾ ಅಂತ ಇನ್ನೊಬ್ಬ. ಹಂಗಾದ್ರೆ ನೆಲದ ಮೇಲೆ ಬರೆಯೋಕೆ ಏನು ತಾನೇ ಉಳೀತು, ಬರೀ ಹೂವು ಬಳ್ಳಿನಾ ಅಂತ ದಾವಣಗೆರೆ ಹುಡುಗಿ (ಈಗ ಅವಳದು ಓದು ಮುಗಿದಿದೆ) ರೇಗಿದಳು. ಮೂಲೇಲಿ ಕೂತಿದ್ದ ಅಪ್ಪ ಕೇಳ್ದ: "ನೆಲದ ಮೇಲೆ ಬಿದ್ದಿರೋದನ್ನೇ ನೆಲದ ಮೇಲೆ ಬರೀರಿ. ತುರುವನೂರು ಗೊತ್ತೇನ್ರೋ?"

ಹುಡುಗರಿಗೆ ಊರು ಗೊತ್ತಿತ್ತು, ಕತೆ ಗೊತ್ತಿರ್ಲಿಲ್ಲ. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ತುರುವನೂರಲ್ಲಿ ಜನ ಸೇರಿ ಈಚಲು ಮರ ಕಡಿದ್ರು, ಅರಣ್ಯ ಸತ್ಯಾಗ್ರಹ ಅಂತಾರೆ. ಈಚಲು ಮರ ಅಂದ್ರೆ ಹೆಂಡ, ಹೆಂಡ ಅಂದ್ರೆ ಸರ್ಕಾರಕ್ಕೆ ವರಮಾನ. ಕುಡಿತ ಬೇಡ ಅನ್ನೋದೂ ಆಯ್ತು, ಸರ್ಕಾರದ ಕಾನೂನು ಮುರಿದಂಗೂ ಆಯ್ತು, ಒಂದೇ ಕೊಡಲಿ ಏಟಿಗೆ. ಊರೂರಿಗೆ ಹರಡಿ ಜನ ಜೈಲಿಗೆ ಹೋದ್ರು. ಅಪ್ಪಂಗೆ ಇದೆಲ್ಲ ಅವರಪ್ಪ ಹೇಳಿದ್ದು.

ಹಂಗಾಗಿ ಮೂವತ್ತಡಿ ಉದ್ದದ ಕಡಿದು ಬಿದ್ದ ಈಚಲು ಮರ. ಈ ಸಲ ಅಪ್ಪ ಹನ್ನೆರಡರವರೆಗೂ ಕೂತ. ಡಾಂಬರಲ್ಲಿ ಹಳೇ ಮೊಳೆ ಇನ್ನೂ ಇತ್ತು, ಗಾಡಿ ಓಡಾಡಿ ಓಡಾಡಿ ನುಣ್ಣಗೆ ಹೊಳೀತಿತ್ತು, ಅದರ ಪಕ್ಕದಿಂದಲೇ ಮೊದಲನೇ ದಾರ ಹೊಡೆದ್ವಿ. ಬುಡದ ಹತ್ರ ಕೊಡಲಿ ಕಚ್ಚು, ಒಳಗಿನ ತಿಳಿ ಹಳದಿ, ಸಿಪ್ಪೆಯ ಹೊಪ್ಪಳಿಕೆ, ಈ ಕಡೆ ಗರಿ ಮುರಿದು ಹರಡಿದ್ದು. ಹುಡುಗಿ ಮೂರು ಆಯಾಮದ ಥರ ಬರಬೇಕು ಅಂತ ಹಟ ಹಿಡಿದಳು, ಒಂದು ಕಡೆಯಿಂದ ನೋಡಿದ್ರೆ ನಿಜವಾಗ್ಲೂ ಬಿದ್ದಂಗೆ ಕಾಣಬೇಕು, ಅದಕ್ಕೆ ತುದಿ ಕಡೆ ಎಳೆದು ಉದ್ದ ಮಾಡಬೇಕು. ನೆರಳು ಎಲ್ಲರೂ ಪೂರ್ವಕ್ಕೆ ಹಾಕ್ತಾ ಇದ್ರು, ಬೀದಿ ದೀಪ ಆ ಕಡೆ ನೆರಳು ಬೀಳಿಸ್ತಿತ್ತಲ್ಲ. ಅಪ್ಪ ಎಲ್ಲಾ ಅಳಿಸಿ ಪಶ್ಚಿಮಕ್ಕೆ ಹಾಕಿಸ್ದ. "ಜನ ನೋಡೋದು ಬೆಳಗ್ಗೆ ಎಂಟು ಗಂಟೆಗೆ. ಆಗ ಸೂರ್ಯ ಎಲ್ಲಿರ್ತಾನೆ?"

ಸಕ್ಕರೆ ಹಾಕಲಿಲ್ಲ. ಬಣ್ಣ ಪೇಲವ ಬಂತು, ಹುಡುಗಿಗೆ ಬೇಜಾರಾಯ್ತು, ನಿಜ ಹೇಳ್ಬೇಕಂದ್ರೆ ನಂಗೂ. ಆದ್ರೆ ಎಂಟೂವರೆಗೆ ಮೋಡ ಸರಿದು ಒಂದು ಹತ್ತು ನಿಮಿಷ ಬಿಸಿಲು ಬಿತ್ತು ನೋಡಿ, ಬ್ಯಾರಿಕೇಡ್ ಆಚೆ ಒಬ್ಬ ಬೈಕಿನವನು ಗಕ್ಕಂತ ನಿಲ್ಲಿಸಿ "ಯಾವಾಗ್ ಬಿತ್ರೀ ಮರ?" ಅಂದ. ಇಡೀ ರಾತ್ರಿಯ ಸುಸ್ತಿಗೆ ಅದೊಂದು ಮಾತು ಸಾಕಿತ್ತು. ಧ್ವಜಾರೋಹಣ ಮುಗಿಸ್ಕೊಂಡು ಬಂದ ಒಬ್ಬ ಮೇಷ್ಟ್ರು "ಬಾವುಟ ಎಲ್ಲಪ್ಪ?" ಅಂತ ಕೇಳಿದ್ರು. ಮೇಲೆ ಕಂಬದಲ್ಲಿ ಹಾರ್ತಾ ಇತ್ತು, ತೋರಿಸಿದ್ವಿ.

ಹನ್ನೊಂದೂವರೆಗೆ, ಬ್ಯಾರಿಕೇಡ್ ಎತ್ತೋಕೆ ಅರ್ಧ ತಾಸು ಇರುವಾಗ, ಬಕೆಟ್ಟು ಪೊರಕೆ ತಂದ್ವಿ. ಜನ ಬಿಡ್ಲಿಲ್ಲ. "ಇಷ್ಟು ಚೆಂದ ಐತೆ, ಇರ್ಲಿ ಬಿಡ್ರಿ" "ಮೋಡ ಕಟ್ಟೈತೆ, ಸಂಜೆಗೆ ಮಳೆ ಬರ್ತೈತೆ, ಅದೇ ತೊಳ್ಕೊಂಡು ಹೋಗ್ತೈತೆ." ಇದು ಬರೀ ಮರ, ತುಳಿದ್ರೆ ಏನಾಗುತ್ತೆ ಅಂತ ನಂಗೂ ಅನ್ನಿಸ್ತಿತ್ತು, ಅಪ್ಪಂಗೆ ಹೇಳಿದೆ ಕೂಡ. "ಏನೂ ಆಗಲ್ಲ" ಅಂತ ಒಪ್ಕೊಂಡೇ ಪೊರಕೆ ಕೈಗೆ ತಗೊಂಡ. ಮಗೂನ ಕರ್ಕೊಂಡು ಬಂದ ಒಬ್ಬರು ಅಮ್ಮ ಒಂದೇ ಒಂದು ಫೋಟೋ ಅಂದ್ರು, ಅವರು ತೆಗೆದು ಮುಗಿಸೋವರೆಗೆ ಅಪ್ಪ ಪೊರಕೆ ಮೇಲೆ ಕೈಯೂರಿ ನಿಂತಿದ್ದ. ಆಮೇಲೆ ಬುಡದಿಂದ ಶುರು ಮಾಡ್ದ. ಹಳದಿ ನೀರು, ಕಂದು ನೀರು, ಹಸಿರು ನೀರು ಬೇರೆ ಬೇರೆಯಾಗಿ ಹರಿದು ಚರಂಡಿ ಹತ್ರ ಒಂದಾಯ್ತು. ಹುಡುಗರು ಐದು ನಿಮಿಷದಲ್ಲಿ ಮುಗಿಸಿ ಪೊರಕೆ ಎಸೆದು ತಿಂಡಿಗೆ ಹೊರಟ್ರು.

ಅಪ್ಪ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತ, ಕಣ್ಣು ಕಿರಿದು ಮಾಡಿ ನೋಡ್ದ.

"ಗರಿ ತುದಿ ಇನ್ನೂ ಕಾಣ್ತೈತೆ. ಇನ್ನೊಂದು ಬಕೆಟ್ ತಗಂಬಾ."